ಪೊರಕೆ ಕಲಿಸಿದ ಹೆಜ್ಜೆ

ಬಸೀಲ್, ಲೂಯಿಸಿಯಾನ
11 ಫೆಬ್ರವರಿ 1974, ಸೋಮವಾರ

ಪ್ರೀತಿಯ ತಂಗಿ ವರ್ನಾ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೇ? ಆ ಪೋರ್ಟ್ ಆರ್ಥರಿನ ಎಣ್ಣೆ ಕಾರ್ಖಾನೆಯ ಹೊಗೆ ಕುಡಿದು ಕೆಮ್ಮದೆ ಇರುವುದಾದರೂ ಹೇಗೆ. ನಿನ್ನ ಗಂಡ ಎರ್ವಿನ್‌ನ ಬೆನ್ನಿಗೆ ಬಿಸಿ ಉಪ್ಪಿನ ಶಾಖ ಕೊಡು. ಗಂಡಸರು ನೋವು ಎಂದು ಬಾಯಿಬಿಡುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ನಾನು ಗಟ್ಟಿಯಾಗಿಯೇ ಇದ್ದೇನೆ. ಕೋಳಿ ಗಂಬೊ ಸಾರು ಮಾಡಿದರೆ ಮೂರು ದಿನ ಅದೇ ಊಟ, ಅಷ್ಟೇ. ಅಪ್ಪ ಹೋಗಿ ಆರು ವರ್ಷವಾದರೂ ಒಬ್ಬಳಿಗೆ ಅಳತೆ ಮಾಡಿ ಬೇಯಿಸುವುದು ನನಗೆ ರೂಢಿಯಾಗಿಲ್ಲ.

ಸುದ್ದಿಯೆಂದರೆ, ನಮ್ಮ ಲಾಟಿಯೊಲೆ ಕುಣಿತದ ಹಾಲ್ ಮುಚ್ಚುತ್ತಿದ್ದಾರೆ. ಪ್ರತಿ ವರ್ಷ ಉಪವಾಸದ ನಲವತ್ತು ದಿನ ಮುಚ್ಚಿ ಈಸ್ಟರ್‌ಗೆ ತೆರೆಯುತ್ತಿದ್ದರಲ್ಲ, ಈ ಸಲ ತೆರೆಯುವುದಿಲ್ಲವಂತೆ. ಯಜಮಾನರ ಮಗ ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾನಂತೆ. ಇಪ್ಪತ್ತಮೂರನೆಯ ತಾರೀಕು ಶನಿವಾರ ಕೊನೆಯ ಕುಣಿತ. ಅಪ್ಪ ಅಕಾರ್ಡಿಯನ್ ಹಿಡಿದು ಕೂರುತ್ತಿದ್ದ ಕುರ್ಚಿ ಇನ್ನೂ ಅಲ್ಲೇ ಇದೆ. ಕೂಸುಗಳನ್ನು ಮಲಗಿಸುತ್ತಿದ್ದ ಹಿಂದಿನ ಕೋಣೆಯೂ ಹಾಗೇ ಇದೆ. ಅಮ್ಮ ಹೋದ ಮೇಲೆ ನಿನ್ನನ್ನು ಅಲ್ಲಿ ಮಲಗಿಸುತ್ತಿದ್ದವಳು ನಾನೇ. ನೀನೋ ಮಹಾ ಕಳ್ಳಿ, ಕೊನೆಯ ವಾಲ್ಟ್ಜ್ ಜೋಡಿಕುಣಿತ ಮುಗಿಯುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಸ್ವಲ್ಪ ದೊಡ್ಡವಳಾದ ಮೇಲೆ ಅಡುಗೆಮನೆಯ ಮೇಜು ಗೋಡೆಗೆ ಸರಿಸಿ ನಿನಗೆ ಕುಣಿತ ಕಲಿಸಿದೆ. ನಾನು ಗಂಡಸು, ನೀನು ಹೆಂಗಸು. ನೆನಪಿದೆ ತಾನೇ?

ನಿನ್ನ ಮದುವೆಯ ಕುಣಿತವೂ ಅದೇ ಹಾಲ್‌ನಲ್ಲಿ. ಇಪ್ಪತ್ತೈದು ವರ್ಷದಿಂದ ಇಬ್ಬರೂ ಆ ದಿನದ ಮಾತೆತ್ತಿಲ್ಲ, ಇವತ್ತು ನಾನು ಎತ್ತುತ್ತೇನೆ. ಅಕ್ಕನಿಗಿಂತ ಮೊದಲು ತಂಗಿಗೆ ಮದುವೆಯಾದರೆ ಅಕ್ಕ ಎಲ್ಲರೆದುರು ಪೊರಕೆ ಹಿಡಿದು ಕುಣಿಯಬೇಕು ಎನ್ನುವುದು ನಮ್ಮವರ ತಮಾಷೆಯ ಪದ್ಧತಿ. ನೀನು ಬೇಡವೆಂದು ಕಣ್ಣೀರಿಟ್ಟೆ. ನಾನೇ ಹಟ ಮಾಡಿ ಪೊರಕೆ ಕಿತ್ತುಕೊಂಡೆ. ಸುಮ್ಮನೆ ಕುಳಿತರೆ ಜನ ಅಯ್ಯೋ ಪಾಪ ಎನ್ನುತ್ತಾರೆ, ಅದಕ್ಕಿಂತ ನಗುವುದೇ ವಾಸಿ ಅನ್ನಿಸಿತ್ತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನೀನು ಬಂದು ತೋಳು ಹಿಡಿದಾಗ, "ನಿಂದಾಯ್ತಲ್ಲ, ನನ್ ಚಿಂತೆ ನಿಂಗ್ಯಾಕೆ?" ಎಂದುಬಿಟ್ಟೆ. ಆ ಮಾತನ್ನು ಗಂಟು ಕಟ್ಟಿಕೊಂಡು ನೀನು ಟೆಕ್ಸಸ್‌ಗೆ ಹೋದೆ. ಅಪ್ಪನ ಮಣ್ಣಿಗೆ ಬಂದವಳು ಹಾಲ್‌ನ ಹೊಸ್ತಿಲು ತುಳಿಯಲಿಲ್ಲ. ತಪ್ಪು ನನ್ನದು ವರ್ನಾ. ಕಾಗದದಲ್ಲಿ ಹೇಳುವುದಕ್ಕೇ ಇಷ್ಟು ವರ್ಷ ಹಿಡಿಯಿತು, ಎದುರಿಗಿದ್ದಿದ್ದರೆ ಇನ್ನೂ ಇಪ್ಪತ್ತೈದು ಬೇಕಾಗುತ್ತಿತ್ತು.

ನಾನು ಹಾಲ್‌ನಲ್ಲಿ ಟಿಕೆಟ್ ಕೊಡುವುದು, ಭಾನುವಾರ ಬೆಳಿಗ್ಗೆ ಚರ್ಚಿಗೆ ಮುಂಚೆ ನೆಲ ಗುಡಿಸುವುದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಗುಡಿಸಿಯಾದ ಮೇಲೆ ರೇಡಿಯೋ ಹಾಕಿ ಆ ಪೊರಕೆಯನ್ನೇ ಹಿಡಿದು ಕುಣಿಯುತ್ತೇನೆ. ವಾಲ್ಟ್ಜ್ ಬಂದರೆ ಸರಿ, ಕ್ರಿಯೋಲ್ ಹುಡುಗರ ಓಟದ ತಾಳದ ಜೈಡಿಕೋ ಹಾಡು ಬಂದರೆ ಪೊರಕೆಗೂ ನನಗೂ ಉಸಿರು ಸಾಲುವುದಿಲ್ಲ. ನಗಬೇಡ. ಶನಿವಾರ ಊರೆಲ್ಲ ಕುಣಿದ ನೆಲದ ಮೇಲೆ ಭಾನುವಾರ ಒಬ್ಬಳೇ ನಿಂತರೆ ಹಾಗೇ ಮನೆಗೆ ಹೋಗಲು ಕಾಲು ಬರುವುದಿಲ್ಲ. ಮೊದಮೊದಲು ಯಾರಾದರೂ ಕುಣಿಯಲು ಕರೆದಾರು ಎಂದು ಒಳ್ಳೆಯ ಬೂಟು ಹಾಕಿಕೊಂಡು ಟಿಕೆಟ್ ಮೇಜಿಗೆ ಬರುತ್ತಿದ್ದೆ. ಪೊರಕೆಯವಳನ್ನು ಯಾರು ಕರೆಯುತ್ತಾರೆ?

ಹೋದ ತಿಂಗಳು ಸಾಸ್ತೆನ್ ಕಣ್ಣಿಗೆ ಬಿದ್ದುಬಿಟ್ಟೆ. ಬ್ಯಾಂಡಿನಲ್ಲಿ ಕಬ್ಬಿಣದ ತ್ರಿಕೋನ ಬಾರಿಸುವವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮರೆತ ಟೋಪಿ ಹುಡುಕಿಕೊಂಡು ಬಂದಿದ್ದ. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನಗೆ. ಆದರೆ ಅವನು ನಗಲಿಲ್ಲ. ಹಾಡು ಮುಗಿಯುವವರೆಗೆ ಟೋಪಿ ಹಿಡಿದು ನಿಂತಿದ್ದು, "ಪೊರಕೆಗೂ ಸುಸ್ತಾಗಿರತ್ತೆ ಅಜೆಲಿಯವ್ರೇ. ಒಂದ್ ಸುತ್ತು ನಂಗೂ ಕೊಡಿ," ಎಂದ. ಚರ್ಚಿಗೆ ಹೊತ್ತಾಯಿತು ಎಂದು ಓಡಿಸಿದೆ. ಮುಂದಿನ ಭಾನುವಾರ ಮತ್ತೆ ಹಾಜರು, ಈ ಸಲ ಟೋಪಿ ತಲೆಯ ಮೇಲೆಯೇ ಇತ್ತು. ಏನು ಮರೆತಿರಿ ಎಂದು ಕೇಳಿದರೆ ಅವನ ಮುಖ ಕೆಂಪಾಯಿತು. ಕೊನೆಯ ಶನಿವಾರ ಎಲ್ಲರೆದುರು ಅವನ ಜೊತೆ ಒಂದು ವಾಲ್ಟ್ಜ್ ಕುಣಿಯಬೇಕಂತೆ. ತ್ರಿಕೋನ ಬಾರಿಸಲು ಆಗಲೇ ಬೇರೊಬ್ಬರನ್ನು ಗೊತ್ತುಮಾಡಿದ್ದಾನೆ. ಐವತ್ತೆರಡು ವರ್ಷದವಳಿಗೆ ಇದೇನು ನಡುಕ ಎನ್ನುತ್ತೀಯೇನೋ. ಭಯವಾಗುತ್ತಿದೆ, ಆಸೆಯೂ ಆಗುತ್ತಿದೆ. ಇನ್ನೂ ಹೂಂ ಎಂದಿಲ್ಲ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ಮಾತೆ ಮರಿಯಳು ನಿಮ್ಮ ಮನೆ ಕಾಯಲಿ, ನಿನ್ನ ಕೆಮ್ಮನ್ನೂ ಒಂಚೂರು ನೋಡಿಕೊಳ್ಳಲಿ.

ನಿನ್ನ ಅಕ್ಕ,
ಅಜೆಲಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನೆ ಖಾಲಿ ಹಾಲ್‌ನಲ್ಲಿ ಸಾಸ್ತೆನ್ ಜೊತೆ ಒಂದು ಸುತ್ತು ಹಾಕಿ ನೋಡಿದೆ. ಮೂರನೆಯ ಹೆಜ್ಜೆಗೇ ಅವನ ಕಾಲು ತುಳಿದೆ. ನೆಲ ಡೊಂಕು ಎಂದೆ. ಕುಣಿಯಲಾರದವಳು ಇನ್ನೇನು ಹೇಳಿಯಾಳು? ಮನೆಗೆ ಬಂದ ಮೇಲೆ ಹೊಳೆಯಿತು. ಪೊರಕೆ ತಾನಾಗಿ ಹೆಜ್ಜೆ ಇಡುವುದಿಲ್ಲ, ನಾನೇ ನಡೆಸಬೇಕು. ಅದಕ್ಕೂ ಮುಂಚೆ ನಿನ್ನನ್ನು ನಡೆಸಿದೆ. ನನಗೆ ಬರುವುದು ಗಂಡಸಿನ ಹೆಜ್ಜೆ ಮಾತ್ರ. ಈ ವಯಸ್ಸಿನಲ್ಲಿ ಹೆಂಗಸಿನ ಹೆಜ್ಜೆ ಕಲಿಸಿ ಎಂದು ಈ ಊರಲ್ಲಿ ಯಾರನ್ನು ಕೇಳಲಿ? ಗುರುವಾರ, ಇಪ್ಪತ್ತೊಂದರ ಬಸ್ಸಿಗೆ ಬಾ. ಈ ಸಲ ಗಂಡಸಾಗುವುದು ನಿನ್ನ ಸರದಿ. ನೀನು ಬರದಿದ್ದರೆ ಶನಿವಾರ ನಾನು ಟಿಕೆಟ್ ಮೇಜು ಬಿಟ್ಟು ಏಳುವುದಿಲ್ಲ. ಅಡುಗೆಮನೆಯ ಮೇಜನ್ನು ಆಗಲೇ ಗೋಡೆಗೆ ಸರಿಸಿಟ್ಟಿದ್ದೇನೆ, ಊಟ ನಿಂತುಕೊಂಡೇ ಮಾಡುತ್ತಿದ್ದೇನೆ.