ಬಿಸಿಲಿಗಿಟ್ಟ ಮೊಟ್ಟೆಗಳು

ಏಪ್ರಿಲ್ ೯
ಹಿತ್ತಿಲ ಕಟ್ಟೆಯಿಂದ

ಪ್ರೀತಿಯ ಗುಂಡಮ್ಮನಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ. ಬೈದುಕೊಂಡಿರುತ್ತೀಯ, ಬೈದುಕೋ. ಫೋನು ಮಾಡೋಣವೆಂದರೆ ನೀನು ಸಂಶೋಧನೆಗೆಂದು ಮೊಸಳೆ ಹೊಂಡದ ಹತ್ತಿರ ಇರುವಷ್ಟು ದಿನವೂ ಸಿಗ್ನಲ್ ಇರುವುದಿಲ್ಲ. ಸಿಕ್ಕರೂ ನಿಮ್ಮಪ್ಪ ನನ್ನ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ. ನಾವೆಲ್ಲ ಕ್ಷೇಮ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಗಾಬರಿಯಾಗಬೇಡ, ಅಪ್ಪನ ಎದೆ ಚೆನ್ನಾಗಿದೆ, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಾರೆ. ಆಗಿರುವುದೆಲ್ಲ ಮರಳುಮನೆಯಲ್ಲಿ.

ಆ ಮರಳುಮನೆ ವಯಸ್ಸಿನಲ್ಲಿ ನಿನಗಿಂತ ದೊಡ್ಡದು. ನರಿ, ನಾಯಿ, ಕಳ್ಳರ ಕೈಯಿಂದ ಹೊಳೆಯಾಮೆಯ ಮೊಟ್ಟೆ ಉಳಿಸುತ್ತೇನೆಂದು ನಿಮ್ಮಪ್ಪ ಹಿತ್ತಿಲಿಗೆ ಬೇಲಿ ಹಾಕಿಸಿ, ಮರಳು ಸುರಿಸಿದಾಗ ನಾವಿಬ್ಬರೂ ಹೊಸದಾಗಿ ಮದುವೆಯಾದವರು. ಶಾಲೆಯಲ್ಲಿ ಜೀವಶಾಸ್ತ್ರದ ಪಾಠ ಹೇಳಿ ಬಂದವರು ಸಂಜೆಯೆಲ್ಲ ಮರಳು ಜರಡಿ ಹಿಡಿಯುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೊಳೆದಂಡೆಗೆ ಹೋಗಿ, ಬಕೆಟ್ಟಿನಲ್ಲಿ ಒದ್ದೆ ಮರಳಿನ ಮೇಲೆ ಮೊಟ್ಟೆ ಇಟ್ಟುಕೊಂಡು ಬರುತ್ತಿದ್ದೆವು. ತಲೆಕೆಳಗಾದರೆ ಒಳಗಿನ ಜೀವ ಸತ್ತುಹೋಗುತ್ತದೆಂದು ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲ್ಲಿನಲ್ಲಿ ಒಂದು ಗುರುತು. ಆ ಕೆಲಸ ನಿನ್ನದಾಗಿತ್ತು. ಅಕ್ಷರ ಕಲಿಯುವ ಮುಂಚೆಯೇ ಮೊಟ್ಟೆಗಳ ಮೇಲೆ ಮೀಸೆ ಬರೆದು ಬೈಸಿಕೊಂಡವಳು ನೀನು. ಮರಿ ಹೊಳೆಗೆ ಬಿಡುವ ದಿನ ಊರಿನ ಮಕ್ಕಳೆಲ್ಲ ದಂಡೆಯ ಮೇಲೆ. 'ಆಮೆ ಮೇಷ್ಟ್ರು' ಎಂಬ ಹೆಸರು ಅಪ್ಪನಿಗೆ ಸುಮ್ಮನೆ ಬರಲಿಲ್ಲ.

ಹೋದ ಎರಡು ವರ್ಷದಿಂದ ಮೊಟ್ಟೆಗಳು ಮರಿಯಾಗುತ್ತಿಲ್ಲ. ನಿನಗೆ ಬರೆದಿರಲಿಲ್ಲ. ಜೀವ ಹಿಡಿದ ಮೊಟ್ಟೆಯ ಮೇಲೆ ಒಂದೆರಡು ದಿನದಲ್ಲಿ ಬಿಳಿ ಮಚ್ಚೆ ಏಳಬೇಕಲ್ಲ, ಅದು ಏಳುತ್ತಿಲ್ಲ. ಗೂಡು ಅಗೆದರೆ ಎಲ್ಲ ಹಾಗೇ, ಇಟ್ಟ ದಿನ ಇದ್ದಂತೆಯೇ. ಅಪ್ಪ ಮೊದಲು ಇರುವೆಯನ್ನು ದೂರಿದರು. ಆಮೇಲೆ ಮರಳನ್ನು ಬದಲಾಯಿಸಿದರು. ಕೊನೆಗೆ ನಾನು ಬಟ್ಟೆ ಒಗೆದು ಚೆಲ್ಲುವ ಸೋಪಿನ ನೀರಿನ ಮೇಲೆ ಕಣ್ಣು ಬಿತ್ತು. "ನಿನ್ನ ಸೋಪೇ ಕಾರಣ ಕಣೇ" ಎಂದರು. "ಹೌದ್ರೀ, ನಿಮ್ಮ ಪಂಚೆ ಬೆಳ್ಳಗಾಗಿದ್ದಕ್ಕೂ ಅದೇ ಕಾರಣ" ಎಂದೆ. ಹೋದ ವರ್ಷ ಲೆಕ್ಕಕ್ಕೆಂದು ಹೊಳೆಗೆ ಬಲೆ ಹಾಕಿದಾಗ ಬಿದ್ದವೆಲ್ಲ ಗಿಡ್ಡ ಬಾಲದ ಆಮೆಗಳು, ಅಂದರೆ ಹೆಣ್ಣು. ಹೆಣ್ಣು ಹೆಚ್ಚಾದಷ್ಟೂ ಮೊಟ್ಟೆ ಹೆಚ್ಚು ಎಂದು ಅಪ್ಪ ಎಲ್ಲರಿಗೂ ಸಿಹಿ ಹಂಚಿದರು. ನಾನೂ ಬಾಯಿ ತುಂಬ ತಿಂದೆ.

ಈ ಸಲ ಸೋತು, ತಾವೇ ಬರೆದು ಒಬ್ಬ ಪಶುವೈದ್ಯೆಯನ್ನು ಕರೆಸಿದರು. ನಿನ್ನದೇ ವಯಸ್ಸಿನ ಹುಡುಗಿ, ಪ್ಯಾಂಟಿನ ಜೇಬಿನಲ್ಲೇ ಅರ್ಧ ಆಸ್ಪತ್ರೆ ಇಟ್ಟುಕೊಂಡಿದ್ದಳು. ಮರಳುಮನೆಯ ಬಾಗಿಲು ತೆಗೆದೊಡನೆ ಅವಳು ಕೇಳಿದ ಮೊದಲ ಮಾತು, "ಇಲ್ಲಿ ನೆರಳೇ ಇಲ್ವಾ ಸರ್?"

"ಮುಂಚೆ ಒಂದು ಮರ ಇತ್ತಮ್ಮ. ಬೇರು ಗೂಡಿಗೆ ನುಗ್ತಿತ್ತು, ಶುರುವಿನಲ್ಲೇ ಕಡಿಸಿಬಿಟ್ಟೆ," ಎಂದು ಅಪ್ಪ ಉಬ್ಬಿದರು. "ಆಮೇಲೆ ನೋಡಬೇಕಿತ್ತು ನೀವು! ಬಿಸಿಲು ಬಿದ್ದಿದ್ದೇ ತಡ, ಮರಿಗಳು ಬೇಗ ಬೇಗ ಹೊರಗೆ ಬರೋಕೆ ಶುರು ಮಾಡಿದ್ವು."

ಡಾಕ್ಟರಮ್ಮ ಬಗ್ಗಿ ಮರಳಿನ ಮೇಲೆ ಅಂಗೈ ಇಟ್ಟಳು, ತಕ್ಷಣ ತೆಗೆದಳು. ಮೊಟ್ಟೆಯಲ್ಲೇ ಸತ್ತ ಮರಿಗಳನ್ನು ಇಟ್ಟಿದ್ದೀರಾ ಎಂದು ಕೇಳಿದಳು. ಇಡದೆ ಇರುತ್ತಾರೆಯೇ ನಿಮ್ಮಪ್ಪ? ಒಳಕೋಣೆಯ ಕಪಾಟಿನ ತುಂಬ ಸ್ಪಿರಿಟ್ಟಿನ ಬಾಟಲಿಗಳು, ಒಂದೊಂದು ವರ್ಷಕ್ಕೆ ಒಂದೊಂದು. ನಾನು ಉಪ್ಪಿನಕಾಯಿಗೆಂದು ಎತ್ತಿಟ್ಟಿದ್ದ ಬಾಟಲಿಗಳೆಲ್ಲ ಹೋದದ್ದು ಅದಕ್ಕೇ ಅಲ್ಲವೇ?

ಊಟದ ಮೇಜಿಗೆ ಹಳೆಯ ಬೆಡ್‌ಶೀಟು ಹಾಸಿ, ಅವಳು ಮೈಕ್ರೋಸ್ಕೋಪು ಇಟ್ಟಳು. ಮರಿ ಗಂಡೋ ಹೆಣ್ಣೋ ಹೊರಗಿನಿಂದ ತಿಳಿಯುವುದಿಲ್ಲ, ಹೊಟ್ಟೆ ಬಿಡಿಸಿ ಮೂತ್ರಪಿಂಡದ ಪಕ್ಕ ನೋಡಬೇಕು. ಮೊದಲನೆಯದು ಹೆಣ್ಣು ಎಂದಳು. ಎರಡನೆಯದೂ ಹೆಣ್ಣು. ಅಪ್ಪ ತಲೆಯಾಡಿಸುತ್ತಾ ಚಹಾ ಕುಡಿಯುತ್ತಿದ್ದರು. ಆ ಬಾಟಲಿ ಮುಗಿಸಿ ಇನ್ನೊಂದು ತೆಗೆದಳು. ಅದರಲ್ಲೂ ಹೆಣ್ಣು, ಎಲ್ಲ ಹೆಣ್ಣು. ಅಪ್ಪ ಲೋಟ ಕೆಳಗಿಟ್ಟರು. "ಇನ್ನೂ ಹಳೇದು ತೆಗೀರಿ" ಎಂದರು. ಹಳೆಯದು ಬಂತು. ಆಮೇಲೆ ಅವರೇ ಎದ್ದುಹೋಗಿ ಬಾಟಲಿಗಳನ್ನು ಒಂದೊಂದಾಗಿ ತಂದಿಡತೊಡಗಿದರು. ಕನ್ನಡಕ ಬದಲಾಯಿಸಿ ತಾವೇ ಬಗ್ಗಿ ನೋಡಿದರು. ಮಧ್ಯಾಹ್ನದ ಅಡುಗೆ ಒಲೆಯ ಮೇಲೆ ಹಾಗೇ ತಣ್ಣಗಾಯಿತು. ಕಪಾಟು ಖಾಲಿಯಾಯಿತು. ಒಂದು ಗಂಡು ಇಲ್ಲ ಗುಂಡಮ್ಮ. ಒಂದೇ ಒಂದು ಇಲ್ಲ.

ಏನು ಹೇಳಬೇಕೋ ತಿಳಿಯದೆ ನನ್ನ ಹಾಳು ಬಾಯಿ ಆಡಿಬಿಟ್ಟಿತು. "ಹಾಗಾದ್ರೆ ಇಷ್ಟು ವರ್ಷ ನಾವು ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸಿದ್ವಾ?" ಯಾರೂ ನಗಲಿಲ್ಲ. ನನಗೇ ನನ್ನ ದನಿ ಕೇಳಿ ಭಯವಾಯಿತು.

"ಮರಳಿನ ಬಿಸಿ ಸರ್," ಎಂದಳು ಡಾಕ್ಟರಮ್ಮ, ತುಂಬ ಮೆತ್ತಗೆ. "ಗೂಡು ತಂಪಿದ್ರೆ ಗಂಡು, ಬಿಸಿ ಹೆಚ್ಚಾದ್ರೆ ಹೆಣ್ಣು. ಹೊಳೆದಂಡೇಲಿ ಒಂದು ಗೂಡು ಬಿಸಿಲಲ್ಲಿರುತ್ತೆ, ಒಂದು ಪೊದೆ ಕೆಳಗಿರುತ್ತೆ. ಎರಡೂ ಹುಟ್ತಾವೆ. ಇಲ್ಲಿ..."

"ಅದು ಮೊಸಳೆಗಮ್ಮ," ಎಂದರು ಅಪ್ಪ. "ನನ್ನ ಮಗಳೇ ಅದರ ಮೇಲೆ ಪ್ರಬಂಧ ಬರೆದಿದಾಳೆ. ಮೊಸಳೆ ಬೇರೆ, ಆಮೆ ಬೇರೆ."

"ಎಷ್ಟು ಬಿಸಿಗೆ ಯಾವುದು ಅನ್ನೋ ಲೆಕ್ಕ ಬೇರೆ ಸರ್. ಆದ್ರೆ ಇವಕ್ಕೂ ಬಿಸಿಯಿಂದಾನೇ ತೀರ್ಮಾನ ಆಗೋದು."

ನಿನ್ನ ಪ್ರಬಂಧ ಅಪ್ಪನ ಮೇಜಿನ ಮೇಲೇ ಇದೆ, ಕಂದು ಕಾಗದದ ಹೊದಿಕೆ ಹಾಕಿ ಇಟ್ಟಿದ್ದಾರೆ. ಬಂದವರಿಗೆಲ್ಲ 'ಅಪ್ಪನಿಗೆ' ಎಂದು ನೀನು ಅಚ್ಚು ಹಾಕಿಸಿದ ಪುಟ ತೋರಿಸುತ್ತಾರೆ. ಅದರಾಚೆ ಪುಟ ತಿರುಗಿಸಿದ್ದನ್ನು ನಾನಂತೂ ಕಂಡಿಲ್ಲ.

ಡಾಕ್ಟರಮ್ಮ ಮಿಕ್ಕದ್ದನ್ನೂ ಬಿಡಿಸಿ ಹೇಳಿದಳು. ಹಳೆಯ ಗಂಡುಗಳು ಒಂದೊಂದಾಗಿ ಸತ್ತಿವೆ, ಅವುಗಳ ಜಾಗಕ್ಕೆ ನಾವು ಒಂದನ್ನೂ ಕೊಟ್ಟಿಲ್ಲ. ಈಗ ಹೊಳೆ ತುಂಬ ನಾವು ಬಿಟ್ಟ ಹೆಣ್ಣುಗಳು, ಜೀವವಿಲ್ಲದ ಮೊಟ್ಟೆ ಇಟ್ಟು ಹೋಗುತ್ತಿವೆ. ಇವತ್ತು ಒಂದು ಗಂಡು ಮರಿ ಹುಟ್ಟಿದರೂ ಅದು ಬೆಳೆದು ಕೂಡುವ ಹೊತ್ತಿಗೆ ಹತ್ತು ವರ್ಷ ಬೇಕು. ಅಪ್ಪನಿಗೆ ಎಪ್ಪತ್ತು ದಾಟಿದೆ.

ಅವಳು ಹೋದ ಮೇಲೆ ಅಪ್ಪ ಮೇಜಿನ ಮುಂದೆಯೇ ಕೂತಿದ್ದರು. ನಾನು ಕೈ ಹಿಡಿದರೆ ಕೈ ತಣ್ಣಗಿತ್ತು. ಎದೆ ನೋವಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಆಮೇಲೆ, "ನರಿಗೆ ಬಿಟ್ಟಿದ್ರೂ ಅಲ್ಲೊಂದು ಇಲ್ಲೊಂದು ಗಂಡು ಉಳೀತಿತ್ತು ಕಣೇ. ನಾನು ಒಂದು ಗೂಡನ್ನೂ ಬಿಡ್ಲಿಲ್ಲ," ಎಂದರು. ನನಗೆ ಅಳು ಬರಲಿಲ್ಲ. ನನ್ನ ಪ್ರಾಯವೆಲ್ಲ ಆ ಬಕೆಟ್ಟು ಹೊತ್ತು ಕಳೆದಿದೆ, ಮಗಳೇ. ಇವತ್ತಿಗೂ ನಂಬಲಾಗುತ್ತಿಲ್ಲ. ಕೆಟ್ಟ ಕೆಲಸ ಮಾಡಿ ಕೆಟ್ಟದ್ದಾದರೆ ಅದು ಬೇರೆ. ಈ ಮನೆಯಲ್ಲಿ ಗಂಡು ಮೊಟ್ಟೆ ಅಂತ ಇದ್ದದ್ದು ನೀನು ಮೀಸೆ ಬರೆದದ್ದು ಮಾತ್ರ.

ಒಂದು ಒಳ್ಳೆಯ ಸುದ್ದಿಯೂ ಇದೆ, ಅದನ್ನೂ ಬರೆಯುತ್ತೇನೆ. ಮರುದಿನ ಬೆಳಗ್ಗೆ ಅಪ್ಪ ಎಲ್ಲ ಗೂಡನ್ನೂ ಮೆಲ್ಲಗೆ ಬಿಡಿಸಿ ನೋಡಿದರು. ಬೇಲಿಯ ಮೂಲೆಯಲ್ಲಿ, ಕಳೆದ ವಾರ ತಂದಿಟ್ಟ ಒಂದೇ ಒಂದು ಗೂಡಿನ ಮೊಟ್ಟೆಗಳ ಮೇಲೆ ಬಿಳಿ ಮಚ್ಚೆ ಎದ್ದಿತ್ತು! ಅಂದರೆ ಹೊಳೆಯಲ್ಲಿ ಎಲ್ಲೋ ಒಂದು ಮುದಿ ಗಂಡು ಇನ್ನೂ ಉಳಿದಿದೆ. ಗಂಡೋ ಹೆಣ್ಣೋ ನಿರ್ಧಾರವಾಗಲು ಇನ್ನೂ ಸಮಯವಿದೆ, ತಂಪು ಮಾಡಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದಳು. ಅಪ್ಪ ಜಗಲಿಯ ಗೋಡೆಗೆ ನೇತುಹಾಕಿದ್ದ ಉದ್ದ ಕಡ್ಡಿಯ ಥರ್ಮಾಮೀಟರು ತಂದು ಮರಳಿಗೆ ಚುಚ್ಚಿದರು. ಅದು ತೋರಿಸಿದ್ದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಚಪ್ಪರ ಕಟ್ಟುವವನು ಸಂಜೆಗೆ ಬರುತ್ತೇನೆಂದಿದ್ದ. ಅಲ್ಲಿಯವರೆಗೆ ಕಾಯುವುದು ಅವರಿಂದಾಗಲಿಲ್ಲ. ಕುರ್ಚಿ ಎಳೆದುಕೊಂಡು, ತಾವು ಬಿಸಿಲಿನಲ್ಲಿ ಕೂತು, ನನ್ನ ಕೊಡೆಯನ್ನು ಗೂಡಿನ ಮೇಲೆ ಹಿಡಿದುಕೊಂಡರು. ತಲೆಗೆ ಒದ್ದೆ ಟವೆಲ್ಲು ಹಾಕಿದ್ದು ನಾನು. ಈಗ ಚಪ್ಪರ ಆಗಿದೆ. ಆದರೂ ಅವರು ಅಲ್ಲಿಂದ ಏಳುವುದಿಲ್ಲ. ನಾನೂ ಇಲ್ಲೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಮೊಸಳೆಗಳ ಬಾಯಿಗೆ ಕೈ ಹಾಕಬೇಡ. ಹೊತ್ತಿಗೆ ಉಣ್ಣು, ಕಾಗದಗಳಲ್ಲೇ ಸಣ್ಣಗಾದ ಹಾಗೆ ಕಾಣುತ್ತೀಯ. ನಿನ್ನ ಕೈಯಲ್ಲಿ ಹುಟ್ಟುವುದೆಲ್ಲ ಬಾಳಲಿ, ನೀನೂ ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ಥರ್ಮಾಮೀಟರು ಚುಚ್ಚುವಾಗ ಅಪ್ಪ, "ಇದು ನಮ್ಮನೆಗೆ ಎಲ್ಲಿಂದ ಬಂತೇ?" ಎಂದು ಕೇಳಿದರು. ಅವರಿಗೆ ಮರೆತಿದೆ. ನಿಮ್ಮ ಯಾವುದೋ ಹಳೆಯ ವಿದ್ಯಾರ್ಥಿ ಕೊಟ್ಟದ್ದು ಎಂದೆ. ಆಮೆಗಳ ವಿಷಯದಲ್ಲಿ ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅಪ್ಪನ ಎದೆಯ ಆಪರೇಶನ್ನಾದ ವರ್ಷ ನೀನು ಬಂದಿದ್ದೆ. ಒಂದು ಮಧ್ಯಾಹ್ನ ಮರಳುಮನೆಗೆ ಹೋಗಿ ಮರಳಿನೊಳಗೆ ಕೈ ಇಟ್ಟು ಥಟ್ಟನೆ ತೆಗೆದೆ, ಡಾಕ್ಟರಮ್ಮ ತೆಗೆದ ಹಾಗೆಯೇ. ಅವತ್ತು ಸಂಜೆ ನೀನು ಸರಿಯಾಗಿ ಉಣ್ಣಲಿಲ್ಲ. ಊರಿಗೆ ಹೋದವಳು ಪಾರ್ಸೆಲ್ಲಿನಲ್ಲಿ ಈ ಥರ್ಮಾಮೀಟರು ಕಳಿಸಿದೆ, ಜೊತೆಗೆ ಒಂದು ಸಾಲೂ ಇರಲಿಲ್ಲ. ನಾವು ಪೆದ್ದರು, ಜಗಲಿಗೆ ನೇತುಹಾಕಿ ಇವತ್ತು ಸೆಕೆ ಎಷ್ಟಿದೆ ಎಂದು ನೋಡಿಕೊಂಡೆವು. ಅವರಿಗೆ ಬೇಸರವಾಗುವ ಯಾವ ಮಾತನ್ನೂ ಆಡಬೇಡಿ ಎಂದು ಆಸ್ಪತ್ರೆಯ ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು, ನನಗೆ ನೆನಪಿದೆ. ಅಪ್ಪನನ್ನು ಉಳಿಸಿಕೊಳ್ಳಲು ಹೊಳೆಯನ್ನು ಬಿಟ್ಟೆಯಾ, ಮಗಳೇ? ನಿನಗೆ ಅವತ್ತೇ ಗೊತ್ತಿತ್ತಾ? ಹೌದು ಎಂದಾದರೂ ಬರೆ, ಇಲ್ಲ ಎಂದಾದರೂ ಬರೆ. ಆದರೆ ಅಪ್ಪನ ಹೆಸರಿಗೆ ಬೇಡ, ಲಕೋಟೆಯ ಮೇಲೆ ನನ್ನ ಹೆಸರೊಂದೇ ಇರಲಿ.