ಎಡಗಡೆಯ ಸಮುದ್ರ

ತಾರೀಖು ಹದಿನಾಲ್ಕು, ಗುರುವಾರ ಮಧ್ಯಾಹ್ನ
ದ್ವೀಪದ ಉತ್ತರ ತುದಿಯಿಂದ

ಪ್ರೀತಿಯ ಅಕ್ಕ,

ಕೂತುಕೊಂಡು ಓದು. ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಮೂರು ಡ್ರಮ್ಮುಗಳನ್ನು ಒಂದೇ ಏಟಿಗೆ ಉರುಳಿಸಿದ ನಿನ್ನ ತಂಗಿ ಮೊನ್ನೆಯಿಂದ ಒಂದು ಮನೆಯನ್ನೇ ಓಡಿಸುತ್ತಿದ್ದಾಳೆ. ಒಲೆ, ಹಾಸಿಗೆ, ಬಚ್ಚಲು, ಬೀರು, ಗಂಡ, ಎಲ್ಲ ಸಮೇತ. ಅಂಗೈಯಲ್ಲಿ ಇನ್ನೂ ಸ್ಟೀರಿಂಗಿನ ನಡುಕ ಇದೆ, ಅಕ್ಷರ ವಕ್ರವಾದರೆ ಅದಕ್ಕೇ.

ಇಲ್ಲಿ ಫೋನ್ ಸಿಗುವುದಿಲ್ಲ. ಸಿಕ್ಕಿದ್ದರೂ ಬರೆಯುತ್ತಲೇ ಇದ್ದೆ. ಫೋನಿನಲ್ಲಿ ನಾನು ಮೊದಲ ಗೇರು ಹಾಕುವಷ್ಟರಲ್ಲಿ ನೀನು ಟಾಪ್ ಗೇರಿನಲ್ಲಿರುತ್ತೀಯ. ಈ ಸಲ ನಾನೇ ಪೂರ್ತಿ ಹೇಳಬೇಕು.

ಗಾಡಿ ಇವರ ಡಿಪೋದ ಮೆಕ್ಯಾನಿಕ್‌ನದು. ಹಳೆಯ ಸಾಮಾನಿನ ವ್ಯಾನೊಂದನ್ನು ಮೂರು ವರ್ಷ ಬಿಚ್ಚಿ ಕಟ್ಟಿ ಮೋಟಾರ್‌ಹೋಮ್ ಮಾಡಿಕೊಂಡಿದ್ದಾನೆ. ಇವರು ಇಪ್ಪತ್ತೇಳು ವರ್ಷ ಸಿಟಿ ಬಸ್ ಓಡಿಸಿದರೂ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂದು ಅವನಿಗೆ ಯಾರು ಹೇಳಿದರೋ, ಒಂದು ದಿನ ಊಟದ ಡಬ್ಬಿ ತೊಳೆಯಲು ತೆಗೆದರೆ ಒಳಗೆ ಕೀಲಿಕೈ. ಜೊತೆಗೊಂದು ಚೀಟಿ: "ಅತ್ತಿಗೆ, ಎಂಟು ದಿನ ನಿಮ್ಮದು. ನೀರಿನ ಟ್ಯಾಂಕ್ ತುಂಬೋದು ಮರೀಬೇಡಿ." ನಾನು ಹೊಲಿಗೆ ಕಾರ್ಖಾನೆಯಲ್ಲಿ ರಜೆ ಬರೆದುಕೊಟ್ಟೆ. ಸೂಪರ್‌ವೈಸರ್ ಎರಡು ಸಲ ಓದಿದಳು, ನನ್ನ ಹೆಸರೇ ಹೌದೋ ಅಲ್ಲವೋ ಎಂದು.

ಶನಿವಾರ ದೊಡ್ಡ ದೋಣಿಗೆ ಗಾಡಿ ಹತ್ತಿಸಿದೆವು. ಹೊರಡುವ ಮುಂಚೆ ಬೀರುಗಳಿಗೆಲ್ಲ ಚಿಲಕ ಹಾಕಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ದೋಣಿಯ ಇಳಿಜಾರು ಹತ್ತುವಾಗ ತಟ್ಟೆ, ಲೋಟ, ಬಾಣಲೆ ಎಲ್ಲ ಒಟ್ಟಿಗೆ ಕೆಳಗಿಳಿದವು. ಹಗ್ಗ ಹಿಡಿದು ನಿಂತಿದ್ದವನು ಮುಖ ಗಂಭೀರ ಮಾಡಿಕೊಂಡು, "ವಾದ್ಯದವರು ಬೇರೆ ಗಾಡೀಲಿ ಬರ್ತಾರೆ ಅಂದ್ಕೊಂಡಿದ್ದೆ" ಎಂದ.

ಒಳಗಿನ ಸಂಸಾರ ಕೇಳು. ನಾನು ಬಗ್ಗಿದರೆ ಇವರು ನಿಲ್ಲಬೇಕು, ಇವರು ತಿರುಗಿದರೆ ನಾನು ಕೂರಬೇಕು. ಮೇಜು ಮಡಚಿದರೆ ಮಂಚ. ಬಚ್ಚಲು ಎಷ್ಟಿದೆಯೆಂದರೆ, ಸೋಪು ಕೈಜಾರಿದರೆ ಹೊರಗೆ ಬಂದು, ತಿರುಗಿ, ಮತ್ತೆ ಒಳಗೆ ಹೋಗಿ ಎತ್ತಿಕೊಳ್ಳಬೇಕು. ಆದರೆ ಹಿಂದಿನ ಬಾಗಿಲು ತೆರೆದರೆ ಸಮುದ್ರ. ಬೆಳಿಗ್ಗೆ ನಾನು ಚಹಾಕ್ಕೆ ನೀರಿಟ್ಟು ಬಾಗಿಲು ತಳ್ಳುತ್ತೇನೆ, ಇಡೀ ನೀರು ಮನೆಯೊಳಗೆ ಬಂದು ಕೂತ ಹಾಗಾಗುತ್ತದೆ. ಭಾನುವಾರ ಇಳಿತದ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಎದುರಿನ ಪುಟ್ಟ ಬಂಡೆಯ ನಡುಗಡ್ಡೆಗೆ ನಡೆದೇ ಹೋದೆವು. ಕೆಂಪು ಕೊಕ್ಕಿನ ಹಕ್ಕಿಗಳು ನಮ್ಮನ್ನು ಬೈದು ಅಟ್ಟಿದವು. ವಾಪಸ್ ಬರುವಾಗ ನೀರು ಮೊಣಕಾಲಿಗೆ ಬಂದಿತ್ತು, ಇವರು ನನ್ನ ಕೈ ಬಿಡಲೇ ಇಲ್ಲ. ಮದುವೆಯ ಫೋಟೋದಲ್ಲಿ ಬಿಟ್ಟರೆ ಇವರು ನನ್ನ ಕೈ ಅಷ್ಟು ಹೊತ್ತು ಹಿಡಿದದ್ದು ನನಗೆ ನೆನಪಿಲ್ಲ.

ಈಗ ಮಂಗಳವಾರದ ಮಾತು. ದ್ವೀಪವನ್ನು ಸುತ್ತುವುದಕ್ಕೆ ಒಂದೇ ರಸ್ತೆ. ನಾವು ಹೋಗುವ ದಿಕ್ಕಿನಲ್ಲಿ ಬಲಕ್ಕೆ ಗುಡ್ಡ, ಎಡಕ್ಕೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಗೋಡೆಯಾಚೆ ಸಮುದ್ರ. ಇವರು ಓಡಿಸುತ್ತಿದ್ದರು, ನಾನು ಸೌತೆಕಾಯಿ ಹೆಚ್ಚಿ ಡಬ್ಬಿಗೆ ತುಂಬುತ್ತಿದ್ದೆ. ತಲೆಯೆತ್ತಿದರೆ ಎಡಗಡೆ, ಗೋಡೆಗೆ ಅಂಟಿಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬಳು ನಡೆದು ಹೋಗುತ್ತಿದ್ದಾಳೆ. ಇವರು ಗಾಡಿಯನ್ನು ಸ್ವಲ್ಪವೂ ಬಲಕ್ಕೆ ತಿರುಗಿಸುತ್ತಿಲ್ಲ.

"ರೀ, ಎಡಗಡೆ" ಎಂದು ಕೂಗಿದೆ.

ಸ್ಟೀರಿಂಗ್ ತಿರುಗಿಸಿದರು. ನಮ್ಮ ಕನ್ನಡಿ ಅವಳ ಚೀಲವನ್ನು ಸವರಿತು, ಅಷ್ಟೇ. ಇನ್ನೊಂದು ಗೇಣು ಎಡಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ ನಾನು ಬರೆಯುವುದಿಲ್ಲ. ಮುಂದೆ ಅಗಲ ಜಾಗ ಸಿಕ್ಕಿದ ಕೂಡಲೆ ನಿಲ್ಲಿಸಿದರು. ಅವಳು ಬಂದು ಬೈದಳು, ಚೆನ್ನಾಗಿಯೇ ಬೈದಳು. ಇವರು ಇಳಿದು ತಲೆತಗ್ಗಿಸಿ ನಿಂತು, "ತಪ್ಪಾಯ್ತಮ್ಮ, ನಂದೇ ತಪ್ಪು" ಎಂದರು. ಅವಳು ಹೋದಮೇಲೆ ಗಾಡಿಯೊಳಗೆ ಬಂದು ಕೂತು, ಕೀಲಿಕೈ ತೆಗೆದು ನನ್ನ ಮಡಿಲಿಗೆ ಹಾಕಿದರು.

"ನಂಗೆ ಅವಳು ಕಾಣಲೇ ಇಲ್ಲ ಕಣೇ" ಎಂದರು.

ಅಕ್ಕ, ಎಂಟು ತಿಂಗಳಿಂದ ಇವರ ಎಡಗಣ್ಣಿನ ಅಂಚು ಮಸುಕಾಗುತ್ತಾ ಬಂದಿದೆ. ಊರಿನ ಇನ್ನೊಂದು ತುದಿಯಲ್ಲಿ, ಗುರುತಿನವರು ಇಲ್ಲದ ಕಡೆ, ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾರೆ. ಕಣ್ಣಿನೊಳಗಿನ ಒತ್ತಡವಂತೆ. ಹೋದ ದೃಷ್ಟಿ ಬರುವುದಿಲ್ಲ, ಹನಿ ತಪ್ಪದೆ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ. ಹನಿಯ ಶೀಷೆಯನ್ನು ಡಿಪೋದ ಲಾಕರಿನಲ್ಲಿಟ್ಟು ಹಾಕಿಕೊಳ್ಳುತ್ತಿದ್ದರಂತೆ. ನನಗೆ ಒಂದಿಷ್ಟೂ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಒಬ್ಬ ಸೈಕಲ್ಲಿನವನು ಬಸ್ಸಿನ ಎಡಮೈಗೆ ಅಂಗೈಯಿಂದ ಬಡಿದು ಕಿರುಚಿದ್ದನಂತೆ. ಅವತ್ತಿನಿಂದ ಇವರಿಗೆ ಸರಿಯಾಗಿ ನಿದ್ದೆಯಿಲ್ಲ. ಆದರೂ ಬೆಳಗಾದರೆ ಅದೇ ಬಸ್ಸು, ಅದೇ ಅರವತ್ತು ಜನ.

ನಾನು ಬೈದೆ. ಆ ಚೀಲದವಳ ಬೈಗುಳ ನನ್ನದರ ಮುಂದೆ ಜೋಗುಳ. ಬೈದು ಬೈದು ಸಾಕಾಗಿ ನೋಡಿದರೆ ಗಾಡಿ ರಸ್ತೆಯಲ್ಲಿದೆ, ಓಡಿಸುವವರು ಯಾರೂ ಇಲ್ಲ. ಲೈಸೆನ್ಸು ನನ್ನ ಚೀಲದಲ್ಲಿತ್ತು. ಗುರುತಿನ ಚೀಟಿ ಬೇಕೆಂದು ಕಾಲಕಾಲಕ್ಕೆ ನವೀಕರಿಸಿದ್ದು ಬಿಟ್ಟರೆ ಅದಕ್ಕೆ ನಾನು ಬೇರೆ ಕೆಲಸ ಕೊಟ್ಟಿರಲಿಲ್ಲ. ಸೀಟನ್ನು ಮುಂದಕ್ಕೆ ಎಳೆದುಕೊಂಡೆ, ಬೆನ್ನಿಗೆ ದಿಂಬು ಇಟ್ಟುಕೊಂಡೆ, ನಿನ್ನನ್ನು ನೆನೆಸಿಕೊಂಡೆ. ಎರಡು ಸಲ ನಿಂತುಹೋಯಿತು. ಮೂರನೆಯ ಸಲ ಕ್ಲಚ್ಚು ನನ್ನ ಮಾತು ಕೇಳಿತು, ಮನೆ ಹೊರಟಿತು.

ಅಕ್ಕ, ಅಷ್ಟು ದೊಡ್ಡದು ನನ್ನ ಕೈ ಹೇಳಿದಂತೆ ಕೇಳುವುದು ಎಂದರೆ ಏನು ಎಂದು ನೀನು ನನಗೆ ಯಾವತ್ತೂ ಹೇಳಲಿಲ್ಲವಲ್ಲ. ತಳದಲ್ಲಿ ಹೆದರಿಕೆ, ಅದರ ಮೇಲೆ ಕೋಪ, ಅದರ ಮೇಲೆ ಹಾಲಿನ ಕೆನೆಯಂತೆ ಖುಷಿ. ಅಂಥ ಹೊತ್ತಿನಲ್ಲಿ ಖುಷಿಯಾಗಬಾರದಿತ್ತು. ಆಯಿತು, ಏನು ಮಾಡಲಿ.

ಸಂಜೆ, ಇಂಥ ಮನೆಗಾಡಿಗಳು ರಾತ್ರಿ ಉಳಿಯುವ ತಂಗುದಾಣದಲ್ಲಿ ಗಾಡಿ ನಿಲ್ಲಿಸಿ, ಡಿಪೋಗೆ ಈಗಲೇ ಹೇಳಿ ಎಂದೆ.

"ಊರಿಗೆ ಹೋದ್ಮೇಲೆ ನೋಡಿದ್ರಾಯ್ತು. ನಿವೃತ್ತಿಗೆ ನಾಲ್ಕೇ ವರ್ಷ ಇರೋದು" ಎಂದರು.

"ನಾಲ್ಕು ವರ್ಷ ಅಲ್ಲ, ಇನ್ನು ನಾಲ್ಕು ಸ್ಟಾಪೂ ಬೇಡ" ಎಂದೆ. "ಸೋಮವಾರ ನೀವು ಬಸ್ ಹತ್ತಿದ್ರೆ ನಾನು ಅದರ ಮುಂದೆ ನಿಂತ್ಕೋತೀನಿ. ಎಡಗಡೆ ಅಲ್ಲ, ಕಾಣೋ ಹಾಗೆ ನಟ್ಟನಡುವೆ."

ಎದ್ದು ಮರಳಿನ ಕಡೆ ನಡೆದರು. ತುಂಬ ಹೊತ್ತು ಬರಲಿಲ್ಲ. ಡ್ರೈವರ್ ಅಲ್ಲದಿದ್ದರೆ ತಾನು ಯಾರು ಎಂದು ಇವರಿಗೆ ಗೊತ್ತಿಲ್ಲ, ಅದು ನನಗೆ ಅರ್ಥವಾಗುತ್ತದೆ. ಒಂದು ಗೀರಿಲ್ಲದೆ ಓಡಿಸಿದ್ದಕ್ಕೆ ಕೊಟ್ಟ ಫಲಕ ನಮ್ಮ ನಡುಮನೆಯಲ್ಲಿ ಗಡಿಯಾರಕ್ಕಿಂತ ಮೇಲೆ ತೂಗುತ್ತಿದೆ, ನೀನೇ ನೋಡಿದ್ದೀಯ.

ನಿನ್ನೆ ಬೆಳಿಗ್ಗೆ ತಿಂಡಿ ಮುಗಿಸಿ, ಫೋನ್ ಎಲ್ಲಿ ಸಿಗುತ್ತದೆ ಎಂದು ಅವರೇ ತಂಗುದಾಣದ ಒಡತಿಯನ್ನು ಕೇಳಿದರು. ಗುಡ್ಡದ ನೆತ್ತಿಯಲ್ಲಿ, ನೀರಿನ ತೊಟ್ಟಿಯ ಪಕ್ಕ ಎಂದಳು ಆಕೆ. ಏರು ಎಂದರೆ ಏರು, ಮುಂದಿನ ಗಾಜಿನ ತುಂಬ ಬರೀ ಆಕಾಶ. ಮೊದಲ ಗೇರಿನಲ್ಲಿ ಅಳುತ್ತ ಅಳುತ್ತ ಹತ್ತಿಸಿದೆ. ಅತ್ತದ್ದು ಗಾಡಿ, ನಾನಲ್ಲ. ಮೇಲೆ ಇವರು ಇಳಿದು ಡಿಪೋ ಮೇಲಧಿಕಾರಿಗೆ ಫೋನ್ ಮಾಡಿದರು. ಎಂಟು ತಿಂಗಳೆಂದರು. ಸೈಕಲ್ಲಿನವನ ಕಥೆಯನ್ನೂ ಮುಚ್ಚಿಡಲಿಲ್ಲ. ನಿಂತ ನಿಲುವು ಹೇಗಿತ್ತೆಂದರೆ, ಶಾಲೆಯಲ್ಲಿ ಎದ್ದು ನಿಂತ ಹುಡುಗನ ಹಾಗೆ. ಮೇಲಧಿಕಾರಿ ಎಲ್ಲ ಕೇಳಿಸಿಕೊಂಡು, "ಸೋಮವಾರ ನಿನ್ನ ಬಸ್ಸಿಗೆ ಬೇರೆಯವನ್ನ ಹಾಕ್ತೀನಿ. ನೀನು ಆಫೀಸಿಗೆ ಬಾ. ನಮ್ಮ ಡಾಕ್ಟ್ರು ನೋಡ್ಲಿ" ಎಂದರಂತೆ. ಮುಂದೇನು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಶಿಕ್ಷೆಯಾಗಬಹುದು, ಆಗಲಿ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಬಸ್ಸು ಖಾಲಿ ಆಯ್ತು" ಎಂದರು. ಗುಡ್ಡದ ಮೇಲೆ ಇಬ್ಬರೂ ಕೂತು ಅತ್ತೆವು. ಒಂದು ಕುರಿ ನೋಡುತ್ತ ನಿಂತಿತ್ತು.

ಆಮೇಲಿನದು ಹಬ್ಬ. ಇವರು ಎಡಗಡೆಯ ಸೀಟಿನಲ್ಲಿ ಕೂತರು. ಇಷ್ಟು ವರ್ಷ ರಸ್ತೆಯನ್ನೇ ನೋಡಿದವರು, ಕಿಟಕಿಯ ಪಕ್ಕ ಕೂತದ್ದು ಇದೇ ಮೊದಲಂತೆ. ಎಡಕ್ಕೆ ನೋಡಲು ಇಡೀ ಮುಖ ತಿರುಗಿಸಬೇಕು, ತಿರುಗಿಸುತ್ತಾರೆ. "ಅಲ್ನೋಡು, ದೋಣಿ. ಅಲ್ನೋಡು, ಬಂಡೆ ಮೇಲೆ ಯಾರೋ ಬಟ್ಟೆ ಒಣಗಿಸಿದಾರೆ." ನಾನು ರಸ್ತೆ ನೋಡಲೋ ಬಟ್ಟೆ ನೋಡಲೋ. "ಸುಮ್ನೆ ಕೂತ್ಕೊಳ್ರೀ, ಡ್ರೈವರ್ ಹತ್ರ ಮಾತಾಡಬಾರ್ದು" ಎಂದರೆ ನಗುತ್ತಾರೆ.

ಇವತ್ತು ಬೆಳಿಗ್ಗೆ ಅಂಚೆಯವಳ ವ್ಯಾನು ಎದುರಿಗೆ ಬಂತು. ಇಬ್ಬರಿಗೂ ದಾರಿಯಿಲ್ಲ. ಅಗಲ ಜಾಗ ನನ್ನ ಹಿಂದೆ, ನೂರು ಹೆಜ್ಜೆ ದೂರದ ತಿರುವಿನಾಚೆ. ಹಿಂದಕ್ಕೆ ಹೋಗಬೇಕಾದವಳು ನಾನು. ಇವರು ಇಳಿದು ಹಿಂದೆ ಹೋಗಿ, ಬಲಗಡೆ ಕನ್ನಡಿಯಲ್ಲಿ ನನಗೆ ಕಾಣುವಂತೆ ನಿಂತರು. "ಬಾ, ಬಾ, ಬಾ. ಸ್ವಲ್ಪ ಗುಡ್ಡದ ಕಡೆ. ಸಾಕು. ಹಾಂ, ಬಾ." ಆ ದನಿಯಲ್ಲಿ ಒಂದಿಷ್ಟೂ ಗಾಬರಿಯಿಲ್ಲ ಅಕ್ಕ. ಹೊಸ ಡ್ರೈವರುಗಳೆಲ್ಲ ಇವರ ಹತ್ತಿರ ಕಲಿಯಲು ಯಾಕೆ ಓಡಿ ಬರುತ್ತಿದ್ದರು ಎಂದು ಈಗ ತಿಳಿಯಿತು. ಗೋಡೆಗೂ ಚಕ್ರಕ್ಕೂ ಒಂದು ಮೊಳ ಉಳಿಸಿ ಒಳಗೆ ಸೇರಿಸಿದೆ. ಅಂಚೆಯವಳು ಪಕ್ಕದಲ್ಲಿ ನಿಲ್ಲಿಸಿ, "ಎಷ್ಟು ವರ್ಷದ ಸರ್ವೀಸು?" ಎಂದು ಕೇಳಿದಳು. "ಮೂರು ದಿನ" ಎಂದೆ. ಅವಳು ನಗುತ್ತ ತನ್ನ ಚೀಲದಿಂದ ಲಕೋಟೆ, ಸ್ಟಾಂಪು ತೆಗೆದುಕೊಟ್ಟಳು. ನಾಳೆ ಇದೇ ದಾರಿಯಲ್ಲಿ ಬಂದು ಕಾಗದ ತೆಗೆದುಕೊಂಡು ಹೋಗುತ್ತಾಳಂತೆ.

ಶನಿವಾರ ದೋಣಿಗೆ ಗಾಡಿ ಹತ್ತಿಸುವವಳು ನಾನೇ. ಭಾವನಿಗೆ ಹೇಳು, ನಂಬದಿದ್ದರೆ ಬಂದು ನೋಡಲಿ.

ಖುಷಿಯಿಂದ ಕೈ ನಿಲ್ಲದ,
ನಿನ್ನ ತಂಗಿ

ಮತ್ತೊಂದು ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನಗೆ ಒಂದಿಷ್ಟೂ ಗೊತ್ತಿರಲಿಲ್ಲ ಎಂದೆನಲ್ಲ, ಅದು. ಆರು ತಿಂಗಳಲ್ಲಿ ಇವರ ನಾಲ್ಕು ಷರಟುಗಳಿಗೆ ತೇಪೆ ಹಾಕಿದ್ದೇನೆ, ನಾಲ್ಕೂ ಎಡತೋಳು. ಬಾಗಿಲ ಚಿಲಕಕ್ಕೋ, ಗೇಟಿನ ಮೊಳೆಗೋ ತಗಲಿ ಹರಿದದ್ದು. ಹೊಲಿಯುವವಳಿಗೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಅವರು ಹೇಳಬೇಕಾಗುತ್ತಿತ್ತು, ಹೇಳಿದರೆ ನಾನು ಬಸ್ಸು ಬಿಡಿಸಬೇಕಾಗುತ್ತಿತ್ತು. ಗಟ್ಟಿಯಾಗಿ ದಾರ ಎಳೆದು ಇಸ್ತ್ರಿ ಮಾಡಿಟ್ಟೆ. ಆ ಸೈಕಲ್ಲಿನವನು ನನ್ನ ಲೆಕ್ಕಕ್ಕೂ ಸೇರಿದವನು. ಇದನ್ನು ಇವರಿಗೆ ಇನ್ನೂ ಹೇಳಿಲ್ಲ. ನೀರಿನ ಕ್ಯಾನು ತುಂಬಿಸಿಕೊಂಡು ಬರುತ್ತಿದ್ದಾರೆ, ಕಿಟಕಿಯಿಂದ ಕಾಣುತ್ತಿದೆ. ಲಕೋಟೆ ಅಂಟಿಸುವ ಮೊದಲು ಹೇಳುತ್ತೇನೆ.