ಬೇಗ ಬರುವ ಮೂಲಂಗಿ

ಮಾರ್ಚ್ ೧೪, ಶುಕ್ರವಾರ

ನಾಲ್ಕನೇ ತರಗತಿಯ ಹುಡುಗಿ ಗುಬ್ಬಿ ಕಣ್ಣಿಂದ ಮರೆಯಾಗುತ್ತಿಲ್ಲ. ನಾನು ಕಲಿಸುವ ತೋಟಗಾರಿಕೆ ಪಾಠದಲ್ಲಿ ಮಕ್ಕಳೆಲ್ಲ ಹಣ್ಣಿನ ಗಿಡ ಆರಿಸಿಕೊಂಡಾಗ ಅವಳೊಬ್ಬಳು, "ಎಲ್ಲಕ್ಕಿಂತ ಬೇಗ ಬರೋದು ಯಾವುದು ಮಿಸ್?" ಎಂದು ಕೇಳಿ ಮೂಲಂಗಿ ಬಿತ್ತಿದ್ದಳು. ಅವಳ ಅಪ್ಪನಿಗೆ ದೇಶದಿಂದ ದೇಶಕ್ಕೆ ವರ್ಗ. ಒಂಬತ್ತು ವರ್ಷಕ್ಕೇ ಇದು ಅವಳ ಐದನೇ ಶಾಲೆ. ಬಿತ್ತಿ ಹದಿನೆಂಟು ದಿನವಾಗಿಲ್ಲ, ಮತ್ತೆ ವರ್ಗವಾಗಿದೆ. ನಾಳೆ ವಿಮಾನ.

ಇವತ್ತು ಅವಳನ್ನು ಮೂಲಂಗಿ ಮಡಿಯ ಹತ್ತಿರ ಕರೆದೊಯ್ದೆ. ಅವಳು ಕಿತ್ತಾಗ ದಾರದಷ್ಟು ಬೇರು ಬಂತು.

"ಇನ್ನೊಂದು ಹತ್ತು ದಿನ ಬೇಕಿತ್ತು ಪುಟ್ಟಾ," ಎಂದೆ.

"ಪರವಾಗಿಲ್ಲ ಮಿಸ್. ಹೋದ ಸ್ಕೂಲಲ್ಲಿ ಮೊಳಕೆನೂ ನೋಡಿರ್ಲಿಲ್ಲ."

ಸಮಾಧಾನ ಹೇಳಬೇಕಾದವಳು ನಾನು. ಅವಳೇ ನನ್ನ ಬೆನ್ನು ಸವರಿದಳು. ಅಂಗಿಯ ಮೇಲೆ ಪುಟ್ಟ ಕೈಯ ಮಣ್ಣಿದೆ. ಒಗೆಯಲು ಹಾಕಬೇಕು, ಆದರೆ ಇವತ್ತು ಬೇಡ.